ಹಾಲಿದೆ, ಹೊತ್ತಿಲ್ಲ: ದುಡಿಯುವ ತಾಯಂದಿರ ಪತ್ರಗಳಿಗೆ ಉತ್ತರ

ಕೂಲಿಗೆ, ಮನೆಗೆಲಸಕ್ಕೆ, ಸಂತೆ ವ್ಯಾಪಾರಕ್ಕೆ ಹೋಗುವ ತಾಯಂದಿರು ಎಳೆಮಗುವಿಗೆ ಹೇಗೆ ಹಾಲುಣಿಸುತ್ತಿದ್ದೀರಿ, ಬರೆದು ತಿಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಮಗಳ ಕೈಯಲ್ಲೋ ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲೋ ಬರೆಸಿದವು. ಕೆಲವರು ಮೊಬೈಲಿನಲ್ಲಿ ಮಾತನಾಡಿ ಕಳಿಸಿದ್ದಾರೆ, ಹಿಂದೆ ಮಗು ಅಳುವುದೂ ಕೇಳಿಸುತ್ತದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಆರೋಗ್ಯ ಸಹಾಯಕಿಯಾಗಿ ದಾವಣಗೆರೆ, ಜಗಳೂರು ಕಡೆಯ ಉಪಕೇಂದ್ರಗಳಲ್ಲಿ ಕೆಲಸ ಮಾಡಿ ನಿವೃತ್ತಳಾದ ನನಗೆ ಈ ಪತ್ರಗಳಲ್ಲಿ ಯಾವುದೂ ಹೊಸದಾಗಿ ಕಾಣಲಿಲ್ಲ. ಇಷ್ಟು ವರ್ಷವಾದರೂ ಹೊಸದಾಗಿ ಕಾಣಲಿಲ್ಲವಲ್ಲ ಎಂಬುದೇ ಸಂಕಟ.

ಪ್ರಶ್ನೆ: ನಾನು, ನನ್ನ ಗಂಡ ಇಬ್ಬರೂ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತೇವೆ. ಚೀಲದ ಲೆಕ್ಕದಲ್ಲಿ ಕೂಲಿ. ಮನೆ ಹತ್ತಿರವೇ ಇದೆ. ಮಗುವಿಗೆ ಮೂರು ತಿಂಗಳು. ಭಟ್ಟಿಯ ಮುಂದಿನಿಂದ ಎದ್ದು ಬಂದವಳು ಹಾಗೇ ಹಾಲು ಕೊಟ್ಟರೆ ಕಾವಿನ ಹಾಲು ಮಗುವಿಗೆ ಭೇದಿ ಮಾಡುತ್ತದೆ ಎಂದು ಅತ್ತೆ ಮೊದಲ ಹಾಲನ್ನು ಹಿಂಡಿ ಚೆಲ್ಲಿಸುತ್ತಾರೆ. ಮೈ ತಣಿಯುವವರೆಗೆ ಕೂರಬೇಕು. ಅಷ್ಟರಲ್ಲಿ ಮಗು ಅತ್ತೂ ಅತ್ತೂ ನೀರು ಬೆರೆಸಿದ ಆಕಳ ಹಾಲು ಕುಡಿದು ಮಲಗಿರುತ್ತದೆ. ಎರಡು ಸಲ ಭೇದಿಯೂ ಆಯಿತು. ಏನು ಮಾಡಲಿ ಸಿಸ್ಟರಮ್ಮ?
— ಒಬ್ಬ ತಾಯಿ, ಆಜಾದ್ ನಗರ, ದಾವಣಗೆರೆ

ಉತ್ತರ: ತಂಗಿ, ಎದೆಹಾಲು ಕಾಯುವುದಿಲ್ಲ. ಭಟ್ಟಿಯ ಮುಂದೆ ನಿಂತರೂ ಅಷ್ಟೇ, ಮಾಗಿಯ ಚಳಿಯಲ್ಲಿ ನಿಂತರೂ ಅಷ್ಟೇ, ಮೈಯೊಳಗಿನ ಬಿಸಿ ಸುಮಾರು 37 ಡಿಗ್ರಿಯಲ್ಲೇ ಇರುತ್ತದೆ. ಹೆಚ್ಚಾದ ಶಾಖವನ್ನು ಹೊರಕ್ಕೆ ಹಾಕಲೆಂದೇ ಮೈ ಬೆವರುವುದು. ನೀವು ಹಿಂಡಿ ಚೆಲ್ಲುತ್ತಿರುವ ಮೊದಲ ಹಾಲು ತೆಳ್ಳಗಿರುತ್ತದೆ, ಮಗುವಿನ ಬಾಯಾರಿಕೆ ತಣಿಸುವುದು ಅದೇ. ಆರು ತಿಂಗಳವರೆಗೆ ಎದೆಹಾಲು ಕುಡಿಯುವ ಮಗುವಿಗೆ ಬೇಸಿಗೆಯಲ್ಲೂ ಬೇರೆ ನೀರು ಬೇಡ ಎನ್ನುವುದು ಇದರಿಂದಲೇ. ಒಂದು ಹನಿಯನ್ನೂ ಚೆಲ್ಲಬೇಡಿ.

ಭೇದಿ ಬಂದ ದಾರಿ ನಿಮ್ಮ ಪತ್ರದಲ್ಲೇ ಇದೆ. ಆಕಳ ಹಾಲಿಗೆ ಬೆರೆಸಿದ ನೀರು ಎಲ್ಲಿಯದು? ಲೋಟ ಎಷ್ಟು ಹೊತ್ತು ತೆರೆದಿತ್ತು? ಕುಡಿಸಿದವರು ಕೈ ತೊಳೆದಿದ್ದರೇ? ಮೂರು ತಿಂಗಳ ಕೂಸಿನ ಕರುಳಿಗೆ ಆಕಳ ಹಾಲು ಹೊಂದುವುದಿಲ್ಲ. ನೀರು ಬೆರೆಸಿದರೆ ಹೊಟ್ಟೆ ತುಂಬಿದಂತೆ ಕಾಣುತ್ತದೆಯೇ ಹೊರತು ಮೈಗೆ ಹತ್ತುವುದಿಲ್ಲ. ಮಾಡಿದ್ದು ಅದು, ಹೆಸರು ಕೆಟ್ಟಿದ್ದು ನಿಮ್ಮ ಎದೆಹಾಲಿನದು.

ಅತ್ತೆಯ ಮಾತಿನಲ್ಲಿ ಒಂದಂಶವನ್ನು ನಾನೂ ಒಪ್ಪುತ್ತೇನೆ. ಎದ್ದು ಬಂದ ಹಾಗೇ ಮಗುವನ್ನು ಎತ್ತಿಕೊಳ್ಳಬಾರದು. ಮಂಡಕ್ಕಿ ಕೆಲಸದವರ ಮೈ ನಾನು ನೋಡಿದ್ದೇನೆ. ಮುಂಗೈಯವರೆಗೆ ಉಪ್ಪು, ಕತ್ತಿನ ಮಡಿಕೆಯಲ್ಲಿ ಹೊಟ್ಟಿನ ಧೂಳು, ಸೆರಗಿಗೆ ಮಸಿ, ಹುರಿಯುವ ಮರಳಿನ ಕಣಗಳು ಕುಪ್ಪಸದೊಳಗೂ ಇಳಿದಿರುತ್ತವೆ. ಕೈ, ಕತ್ತು, ಎದೆಯನ್ನು ಬರೀ ನೀರಿನಲ್ಲಿ ತೊಳೆದುಕೊಳ್ಳಿ, ಎದೆಯ ತೊಟ್ಟಿಗೆ ಸೋಪು ಬೇಡ. ಒಣಗಿದ ಬಟ್ಟೆಯಿಂದ ಒರೆಸಿ, ಬೇರೆ ಸೆರಗು ಹೊದ್ದು ಕೂತುಬಿಡಿ. ಕೂರುವ ಮುಂಚೆ ದೊಡ್ಡ ಲೋಟದಲ್ಲಿ ನೀರು ಅಥವಾ ಮಜ್ಜಿಗೆ ಕುಡಿಯಿರಿ. ಬಾಣಂತಿ ಹೆಚ್ಚು ನೀರು ಕುಡಿಯಬಾರದು ಎಂಬ ಪಥ್ಯ ನಿಮ್ಮ ಮನೆಯಲ್ಲೂ ನಡೆಯುತ್ತಿದ್ದರೆ ಇಂದೇ ಬಿಡಿ. ಭಟ್ಟಿಯ ಮುಂದೆ ಸೇರುಗಟ್ಟಲೆ ಬೆವರು ಸುರಿಸುವವಳಿಗೆ ಆ ಪಥ್ಯ ಅಪಾಯ.

ಅತ್ತೆಯೊಂದಿಗೆ ವಾದಕ್ಕೆ ಇಳಿಯಬೇಡಿ. ಅವರಿಗಿರುವುದು ಮೊಮ್ಮಗುವಿನ ಚಿಂತೆ, ಅದಕ್ಕೆ ಬೇರೆ ಕೆಲಸ ಕೊಡಿ. ನೀವು ಬರುವ ಹೊತ್ತಿಗೆ ಬಕೆಟ್ಟಿನಲ್ಲಿ ನೀರು, ಚೆಂಬಿನಲ್ಲಿ ಮಜ್ಜಿಗೆ ಅವರೇ ಸಿದ್ಧವಿಡಲಿ. ಮುಂದಿನ ಸಲ ಅಂಗನವಾಡಿಯಲ್ಲಿ ತೂಕ ಹಾಕಿಸುವಾಗ ಅವರನ್ನೂ ಕರೆದುಕೊಂಡು ಹೋಗಿ, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲಕ್ಕೆ ಹೋಗುವುದನ್ನು ಅವರ ಕಣ್ಣಿನಿಂದಲೇ ನೋಡಲಿ. ಇನ್ನೊಂದು ಮಾತು. ಮಗುವನ್ನು ಭಟ್ಟಿಯ ಹತ್ತಿರ ಮಲಗಿಸಬೇಡಿ, ಆ ಹೊಗೆ ಎಳೆಯ ಉಸಿರಿಗೆ ಒಳ್ಳೆಯದಲ್ಲ. ಮನೆ ಹತ್ತಿರವೇ ಇದೆ ಎಂದಿದ್ದೀರಿ, ಹಾಲಿನ ಹೊತ್ತಿಗೆ ನೀವೇ ಎದ್ದು ಹೋಗಿ. ಚೀಲದ ಲೆಕ್ಕದಲ್ಲಿ ಎದ್ದ ಹೊತ್ತೆಲ್ಲ ಕೂಲಿಗೆ ಕತ್ತರಿ ಎಂದು ಬಲ್ಲೆ. ಆ ಹೊತ್ತು ನಿಮ್ಮ ಪಾಲಿನ ಒಲೆಯನ್ನು ನಿಮ್ಮ ಗಂಡ ನೋಡಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ಈ ಸಾಲನ್ನು ಅವರಿಗೂ ಓದಿ ಹೇಳಿ.

ಪ್ರಶ್ನೆ: ನಿಟುವಳ್ಳಿಯಲ್ಲಿ ಬಾಡಿಗೆ ಮನೆ. ಮೂರು ಮನೆಗಳಲ್ಲಿ ಪಾತ್ರೆ, ಬಟ್ಟೆ, ನೆಲ ಒರೆಸುವ ಕೆಲಸ. ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಹನ್ನೆರಡೂವರೆಗೆ. ಮಗುವಿಗೆ ಎರಡೂವರೆ ತಿಂಗಳು. ಕೆಲಸದ ನಡುವೆ ಹಾಲು ಸೋರಿ ಕುಪ್ಪಸ ಒದ್ದೆಯಾಗಿ ನಾಚಿಕೆಯಾಗುತ್ತದೆ. ಮನೆಯಲ್ಲಿ ಒಂಬತ್ತು ವರ್ಷದ ಮಗಳು ಶಾಲೆ ಬಿಟ್ಟು ಮಗುವನ್ನು ನೋಡಿಕೊಳ್ಳುತ್ತಾಳೆ. ಡಬ್ಬಿಯ ಪೌಡರ್ ಹಾಲು ಶುರು ಮಾಡಿದರೆ ಆಗುತ್ತದೆಯೇ? ಎಷ್ಟು ನೀರು ಹಾಕಬೇಕು?
— ಮನೆಗೆಲಸದಾಕೆ, ದಾವಣಗೆರೆ

ಉತ್ತರ: ಡಬ್ಬಿಯ ಲೆಕ್ಕವನ್ನೇ ಮೊದಲು ಹೇಳುತ್ತೇನೆ. ಈ ವಯಸ್ಸಿನ ಮಗುವಿಗೆ ಪೂರಾ ಪೌಡರ್ ಹಾಲನ್ನೇ ಕೊಟ್ಟರೆ 400 ಗ್ರಾಂ ಡಬ್ಬಿ ಐದು ದಿನ ಬಂದರೆ ಹೆಚ್ಚು. ತಿಂಗಳಿಗೆ ಆರೇಳು ಡಬ್ಬಿ. ಮೂರು ಮನೆಯ ಸಂಬಳದಲ್ಲಿ ಒಂದು ಮನೆಯ ಸಂಬಳ ಅದಕ್ಕೇ ಹೋಗುತ್ತದೆ. ಆಗ ಆಗುವುದೇನೆಂದರೆ ಮೂರು ಚಮಚದ ಜಾಗಕ್ಕೆ ಎರಡು, ಎರಡರ ಜಾಗಕ್ಕೆ ಒಂದು. ಮಗು ಬಿಳಿ ನೀರು ಕುಡಿದು ಸೊರಗುತ್ತದೆ. ಹೀಗೆ ಸೊರಗಿದ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರು ಯಾರೂ ಬೇಜವಾಬ್ದಾರಿಯವರಾಗಿರಲಿಲ್ಲ, ಡಬ್ಬಿಯನ್ನು ಸಂಬಳದ ದಿನದವರೆಗೆ ಎಳೆಯಲು ನೋಡಿದವರು. ವೈದ್ಯರೇ ಪೌಡರ್ ಬೇಕೆಂದು ಬರೆದುಕೊಟ್ಟರೆ ಡಬ್ಬಿಯ ಮೇಲಿನ ಅಳತೆಯನ್ನು ಒಂದಿಷ್ಟೂ ತಪ್ಪಿಸದೆ, ಕುದಿಸಿದ ನೀರಿನಲ್ಲಿ ಕಲಸಿ ಕೊಡಬೇಕು. ನಿಮಗೆ ಅದರ ಅಗತ್ಯ ಕಾಣುವುದಿಲ್ಲ. ಕುಪ್ಪಸ ಒದ್ದೆಯಾಗುತ್ತಿದೆ ಎಂದರೆ ಹಾಲು ಬೇಕಾದಷ್ಟಿದೆ. ಮಗು ಒಂದು ಕಡೆ, ನೀವೊಂದು ಕಡೆ, ಇಷ್ಟೇ ತೊಂದರೆ.

ಅಂಗಡಿಯವರು, ಪರಿಚಯದ ನರ್ಸು, ಯಾರೇ ಆಗಲಿ ಇಂಥ ಡಬ್ಬಿಯನ್ನೇ ತೆಗೆದುಕೊಳ್ಳಿ ಎಂದು ಪುಸಲಾಯಿಸಿದರೆ ಒಂದು ವಿಷಯ ತಿಳಿದಿರಲಿ. ಶಿಶು ಹಾಲಿನ ಪೌಡರ್, ಹಾಲಿನ ಬಾಟಲಿಗಳ ಜಾಹೀರಾತು ಮಾಡುವುದು, ತಾಯಂದಿರಿಗೆ ಪುಕ್ಕಟೆ ಮಾದರಿ ಹಂಚುವುದು ನಮ್ಮ ದೇಶದಲ್ಲಿ 1992ರ ಕಾಯ್ದೆಯ ಪ್ರಕಾರ ಅಪರಾಧ. 2003ರಲ್ಲಿ ಆ ಕಾಯ್ದೆಯನ್ನು ಇನ್ನೂ ಬಿಗಿ ಮಾಡಿದ್ದಾರೆ.

ಈಗ ದಾರಿ. ನಸುಕಿನಲ್ಲಿ ಎದೆ ತುಂಬಿರುತ್ತದೆ. ಐದೂವರೆಗೆ ಮಗು ಒಂದು ಕಡೆ ಕುಡಿಯುವಾಗಲೋ ಕುಡಿದ ಮೇಲೋ ಇನ್ನೊಂದು ಕಡೆಯ ಹಾಲನ್ನು ಹಿಂಡಿ ಇಡಬಹುದು. ಯಂತ್ರ ಬೇಕಿಲ್ಲ, ಕೈ ಸಾಕು. ಸ್ಟೀಲ್ ಲೋಟ, ಅದರ ಮುಚ್ಚಳವನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಆರಲು ಬಿಡಿ. ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ತೊಟ್ಟಿನ ಸುತ್ತ ಕಪ್ಪು ಭಾಗವಿದೆಯಲ್ಲ, ಅದರ ಅಂಚಿನಲ್ಲಿ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಬರಲಿ. ಮೊದಲು ಎರಡು ಬೆರಳನ್ನೂ ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಒಂದಕ್ಕೊಂದು ತಾಗುವಂತೆ ಅದುಮಿ, ಬಿಡಿ. ಒತ್ತುವುದು, ಅದುಮುವುದು, ಬಿಡುವುದು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಲೇಬಾರದು. ನೋವಾದರೆ ಬೆರಳಿನ ಜಾಗ ತಪ್ಪಿದೆ ಎಂದರ್ಥ. ಮೊದಲ ಒಂದೆರಡು ನಿಮಿಷ ಏನೂ ಬರುವುದಿಲ್ಲ, ಹೆಚ್ಚಿನವರು ಅಲ್ಲೇ ಕೈ ಬಿಡುತ್ತಾರೆ. ತಾಳಿ. ಹನಿ ಬರುತ್ತದೆ, ಆಮೇಲೆ ಎಳೆ ಎಳೆಯಾಗಿ ಚಿಮ್ಮುತ್ತದೆ. ಬೆರಳನ್ನು ಸುತ್ತಲೂ ಜರುಗಿಸುತ್ತಾ ಎಲ್ಲ ಕಡೆಯಿಂದಲೂ ತೆಗೆಯಿರಿ. ಎರಡೂ ಎದೆ ಸೇರಿ ಇಪ್ಪತ್ತು, ಮೂವತ್ತು ನಿಮಿಷ ಬೇಕು. ಮೊದಲ ವಾರ ಲೋಟದ ತಳ ಮುಚ್ಚಿದರೆ ಸಾಕು ಎಂದುಕೊಳ್ಳಿ. ದಿನವೂ ತೆಗೆದರೆ ಹಾಲು ಹೆಚ್ಚುತ್ತದೆ. ಬರಿದಾದಷ್ಟೂ ತುಂಬಿಕೊಳ್ಳುವುದು ಎದೆಯ ಗುಣ.

ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಆದರೆ ನಮ್ಮ ಊರಿನ ಏಪ್ರಿಲ್ ತಿಂಗಳಿನಲ್ಲಿ ಶೀಟಿನ ಮನೆಯೊಳಗೆ ಅಷ್ಟು ಹೊತ್ತನ್ನು ನಂಬಬೇಡಿ, ಮೂರು ಗಂಟೆಯೊಳಗೆ ಕುಡಿಸಬೇಕು. ಮಣ್ಣಿನ ಬೋಗುಣಿಯಲ್ಲಿ ನೀರು ಹಾಕಿ, ಲೋಟವನ್ನು ಅದರಲ್ಲಿ ಕೂರಿಸಿ, ಒದ್ದೆ ಬಟ್ಟೆ ಸುತ್ತಿಡಿ. ಪಕ್ಕದ ಮನೆಯಲ್ಲಿ ಫ್ರಿಜ್ ಇದ್ದರೆ ಹಿಂಬದಿಯಲ್ಲಿ ಒಂದು ಲೋಟದ ಜಾಗ ಕೇಳಿ, ಅಲ್ಲಿ ಇಡೀ ದಿನ ಇರುತ್ತದೆ. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಲೋಟವಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಮೇಲೆ ಕೆನೆ ಕಟ್ಟಿದರೆ ಗಾಬರಿ ಬೇಡ, ಮೆಲ್ಲಗೆ ಅಲುಗಿಸಿ. ಕುಡಿಸುವುದು ಒಳಲೆಯಲ್ಲಿ ಅಥವಾ ಚಿಕ್ಕ ಲೋಟದಲ್ಲಿ. ಬಾಟಲಿ ಬೇಡ. ಅದರ ರಬ್ಬರಿಗೆ ಒಗ್ಗಿದ ಮಗು ಎದೆಯನ್ನು ಸರಿಯಾಗಿ ಚೀಪುವುದಿಲ್ಲ, ತೊಳೆಯುವುದೂ ಕಷ್ಟ. ಒಳಲೆಯ ಮೂತಿಯಲ್ಲೂ ಹಾಲು ಗಟ್ಟಿಯಾಗಿ ಕೂರುತ್ತದೆ, ಪ್ರತಿಸಲ ತಿಕ್ಕಿ ತೊಳೆದು ಕುದಿಸಬೇಕು. ಮಗುವಿನ ತಲೆ ಎತ್ತಿ ಹಿಡಿದು, ತುಟಿಗೆ ತಾಗಿಸಿ, ಅದು ನುಂಗಿದಷ್ಟೇ ಕುಡಿಸಬೇಕು, ಸುರಿಯಬಾರದು.

ಸೋರುವುದಕ್ಕೆ ಹಳೆಯ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಳ್ಳಿ. ಸೋರುತ್ತಿದೆ ಅನ್ನಿಸಿದಾಗ ಮುಂಗೈಯಿಂದ ಎದೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ಇದರಲ್ಲಿ ನಾಚಿಕೊಳ್ಳುವುದು ಏನೂ ಇಲ್ಲ. ಎರಡನೆಯ ಮನೆ ಮುಗಿಸಿ ಒಮ್ಮೆ ಮನೆಗೆ ಬಂದು ಹೋಗಲು ಆಗುತ್ತದೆಯೇ ನೋಡಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ, ಆ ಅನುಕೂಲವನ್ನು ಇಂಥದ್ದಕ್ಕೆ ಬಳಸಿಕೊಳ್ಳಬೇಕು. ರಾತ್ರಿ ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಂಡು ಕೇಳಿದಾಗೆಲ್ಲ ಕೊಡಿ. ಹಾಲು ಉತ್ಪತ್ತಿ ಮಾಡುವ ಚೋದಕ (ಹಾರ್ಮೋನ್) ರಾತ್ರಿಯೇ ಹೆಚ್ಚು. ಹಗಲು ತಪ್ಪಿದ್ದನ್ನು ಮಗು ರಾತ್ರಿ ಕುಡಿದು ತುಂಬಿಕೊಳ್ಳುತ್ತದೆ. ಮಗುವಿನ ಪಕ್ಕದಲ್ಲಿ ಕುಡಿದು ಬಂದವರು ಯಾರೂ ಮಲಗಬಾರದು, ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಹಾಲಿನ ವಿಷಯವಲ್ಲ, ಆ ಒಂಬತ್ತು ವರ್ಷದ ಹುಡುಗಿ. ಅವಳು ಶಾಲೆಗೆ ಹೋಗಬೇಕು. ಒಂಬತ್ತರ ಕೈಗೆ ಎರಡೂವರೆ ತಿಂಗಳ ಕೂಸನ್ನು ಕೊಡುವುದು ಕೂಸಿಗೂ ಕ್ಷೇಮವಲ್ಲ. ನಿಮ್ಮ ಮನೆಯ ಸಾಲಿನಲ್ಲೇ ಕೆಲಸ ಬಿಟ್ಟು ಮನೆಯಲ್ಲಿರುವ ಹಿರಿಯ ಹೆಂಗಸು ಯಾರಾದರೂ ಇರುತ್ತಾರೆ. ಡಬ್ಬಿಗೆ ಹಾಕಬೇಕೆಂದಿದ್ದ ಹಣದಲ್ಲಿ ಅರ್ಧವನ್ನು ಅವರಿಗೆ ಕೊಟ್ಟು ಬೆಳಗಿನ ಹೊತ್ತು ಮಗುವನ್ನು ನೋಡಿಕೊಳ್ಳಲು ಕೇಳಿ. ಮಗಳನ್ನು ಈ ವಾರವೇ ಶಾಲೆಗೆ ಕಳಿಸಿ.

ಪ್ರಶ್ನೆ: ನಮ್ಮ ಮನೆಗೆಲಸದವಳು ಹೆರಿಗೆಯಾಗಿ ನಲವತ್ತು ದಿನಕ್ಕೇ ಕೆಲಸಕ್ಕೆ ಬಂದಿದ್ದಾಳೆ. ಇನ್ನೂ ಸ್ವಲ್ಪ ದಿನ ಬಿಟ್ಟು ಬಾ ಎಂದರೆ ಕೆಲಸ ಹೋಗುತ್ತದೆಂದು ಹೆದರುತ್ತಾಳೆ. ನಾನೇನು ಮಾಡಬಹುದು?
— ಗೃಹಿಣಿ, ಎಂ.ಸಿ.ಸಿ. ಬಡಾವಣೆ, ದಾವಣಗೆರೆ

ಉತ್ತರ: ನೀವು ಕೇಳಿದ್ದಕ್ಕೆ ಮನಸ್ಸು ತುಂಬಿ ಬಂತು. ಸಂಬಳ ಕೊಟ್ಟು ರಜೆ ಕೊಡಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದರು. ಮಗುವಿಗೆ 15 ತಿಂಗಳಾಗುವವರೆಗೆ ಕೆಲಸದ ನಡುವೆ ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವೂ ಕಾನೂನಿನಲ್ಲಿದೆ. ಬ್ಯಾಂಕಿನಲ್ಲಿರುವ ನಿಮ್ಮ ಮಗಳಿಗೋ ಸೊಸೆಗೋ ಅದು ಸಿಗುತ್ತದೆ. ಆ ಬ್ಯಾಂಕಿನವಳ ಮನೆಯ ಪಾತ್ರೆ ತೊಳೆಯುವವಳಿಗೆ ಸಿಗುವುದಿಲ್ಲ. ಮನೆಗೆಲಸ ಆ ಕಾನೂನಿನ ಅಳತೆಗೆ ಬರುವುದೇ ಇಲ್ಲ. ಆದ್ದರಿಂದ ಇಲ್ಲಿ ಕಾನೂನಿನ ಜಾಗದಲ್ಲಿ ನೀವೇ ಇದ್ದೀರಿ.

ನೀವೊಬ್ಬರೇ ಕೊಟ್ಟರೆ ಅವಳಿಗೆ ಅರ್ಧ ಉಪಕಾರ. ಅವಳು ಹೋಗುವ ಬೇರೆ ಮನೆಯವರನ್ನೂ ಮಾತನಾಡಿಸಿ ಒಪ್ಪಿಸಿ. ನಿಮ್ಮ ಮಾತಿಗೆ ಅಲ್ಲಿ ಇರುವ ಬೆಲೆ ಅವಳ ಮಾತಿಗೆ ಇಲ್ಲ. ಬಂದೇ ಬರುತ್ತೇನೆ ಎಂದರೆ ಮಗುವನ್ನೂ ಕರೆತರಲಿ, ಒಂದು ಮೂಲೆಯಲ್ಲಿ ಚಾಪೆ ಹಾಸಿಕೊಡಿ. ಹಿಂಡಿದ ಹಾಲಿಗೆ ಫ್ರಿಜ್ಜಿನಲ್ಲಿ ಜಾಗ, ಕೂತು ಹಾಲುಣಿಸಲು ಬಾಗಿಲು ಹಾಕುವ ಕೋಣೆ, ಹನ್ನೊಂದು ಗಂಟೆಗೆ ಒಂದು ತಟ್ಟೆ ಊಟ. ಬಗ್ಗಿ ನೆಲ ಒರೆಸುವುದು, ನೀರು ತುಂಬಿದ ಬಕೆಟ್ ಎತ್ತುವುದು ಕೆಲವು ತಿಂಗಳು ಬೇಡ.

ಪ್ರಶ್ನೆ: ನನ್ನ ಸೊಸೆಗೆ ಹಾಲು ಸಾಲದು. ಮಗು ಒಂದೂವರೆ ತಿಂಗಳಿನದು, ಸಂಜೆಯಾದರೆ ಒಂದೇ ಸಮ ಅಳುತ್ತದೆ. ಶೇಂಗಾ ಕಳೆ ತೆಗೆಯುವ ಕೆಲಸ ಶುರುವಾಗಿದೆ, ಅವಳೂ ಬಂದರೆ ಅನುಕೂಲ. ಮೇಲು ಹಾಲು ಹಿಡಿಸಿ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋಗಬಹುದೇ?
— ಒಬ್ಬ ಅತ್ತೆ, ಚಳ್ಳಕೆರೆ ತಾಲ್ಲೂಕು

ಉತ್ತರ: ಅಕ್ಕ, ಹಾಲು ಸಾಲುತ್ತದೋ ಇಲ್ಲವೋ ಎಂದು ಅಳುವಿನಿಂದ ತಿಳಿಯುವುದಿಲ್ಲ. ಈ ವಯಸ್ಸಿನಲ್ಲಿ ಸಂಜೆ ಅಳದ ಮಗುವೇ ಅಪರೂಪ, ಮೂರು ತಿಂಗಳಿಗೆ ತಾನೇ ಕಡಿಮೆಯಾಗುತ್ತದೆ. ಲಂಗೋಟಿ ಎಣಿಸಿ. ಬರೀ ಎದೆಹಾಲು ಕುಡಿದು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ, ಅದು ತಿಳಿಯಾಗಿದ್ದರೆ, ತಿಂಗಳ ತೂಕದಲ್ಲಿ ಅರ್ಧ ಕಿಲೋದ ಮೇಲೆ ಏರಿಕೆ ಕಂಡರೆ ಹಾಲು ಸಾಲುತ್ತಿದೆ. ಎದೆ ಚಿಕ್ಕದು, ಮೆತ್ತಗಿದೆ ಎಂಬ ಮಾತಿಗೆ ಬೆಲೆ ಕೊಡಬೇಡಿ. ಮೇಲು ಹಾಲು ಶುರು ಮಾಡಿದ ದಿನದಿಂದ ಮಗು ಎದೆಯನ್ನು ಕಡಿಮೆ ಚೀಪುತ್ತದೆ, ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ. ಆಗ ನಿಮ್ಮ ಮಾತು ನಿಜವಾಗಿಬಿಡುತ್ತದೆ.

ಒಂದೂವರೆ ತಿಂಗಳ ಬಾಣಂತಿಯನ್ನು ಕಳೆಗೆ ಕರೆದುಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಕಷ್ಟ ಗೊತ್ತಿದೆ. ಚಳ್ಳಕೆರೆಯ ಶೇಂಗಾಕ್ಕೆ ಮಳೆ ಬಿದ್ದ ಹದ ತಪ್ಪಿದರೆ ವರ್ಷವೇ ತಪ್ಪುತ್ತದೆ. ಆದರೂ ಸಾಲು ಹಿಡಿದು ಕುಕ್ಕರುಗಾಲಿನಲ್ಲಿ ದಿನವಿಡೀ ಕೂರುವ ಕೆಲಸ ಅದು. ಸಾಧ್ಯವಿದ್ದರೆ ಈ ಸಲ ಮುಯ್ಯಾಳು ಹಿಡಿಯಿರಿ. ಅನಿವಾರ್ಯವಾದರೆ ಬೆಳಗಿನ ಅರ್ಧ ದಿನ ಮಾತ್ರ, ಮಗು ಜೊತೆಗೇ ಬರಲಿ, ಬೇವಿನ ಮರಕ್ಕೆ ಜೋಳಿಗೆ ಕಟ್ಟಿ, ಪಕ್ಕದಲ್ಲಿ ನೀವೇ ಕೂರಿ. ಕಳೆನಾಶಕ ಹೊಡೆದ ಹೊಲಕ್ಕೆ ಸೊಸೆಯನ್ನು ಇಳಿಸಲೇಬೇಡಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರಿದ್ದರೆ, 2023–24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ನಿಮ್ಮ ಪಂಚಾಯಿತಿಯಲ್ಲಿ ನಡೆಯುತ್ತಿದೆಯೇ ಎಂದು ಕೇಳಿ, ಬಾಗಿಲು ಹಾಕಿದ್ದರೆ ಏಕೆ ಎಂದೂ ಕೇಳಿ.

ಸೊಸೆಯ ಊಟ ನಿಮ್ಮ ಕೈಯಲ್ಲಿದೆ. ಮುದ್ದೆ, ಸೊಪ್ಪಿನ ಸಾರು, ಹುರಿದ ಶೇಂಗಾ, ಬೆಲ್ಲ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಾಣಂತಿಗೆ ಹೆರಿಗೆಯಾಗಿ ಆರು ತಿಂಗಳವರೆಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ. ಬಾಣಂತಿ ಹೊರಗೆ ಕಾಲಿಡಬಾರದು ಎಂದು ಅದನ್ನು ತಪ್ಪಿಸುವ ಮನೆಗಳಿವೆ. ಹೊಲಕ್ಕೆ ಹೋಗಬಹುದಾದವಳು ಅಂಗನವಾಡಿಗೂ ಹೋಗಬಹುದು. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ.

ಪ್ರಶ್ನೆ: ಎಡಗಡೆ ಎದೆಯಲ್ಲಿ ಗಟ್ಟಿ ಗಡ್ಡೆ, ಕೆಂಪಗಾಗಿ ಮುಟ್ಟಲು ಆಗುತ್ತಿಲ್ಲ. ಎರಡು ದಿನದಿಂದ ಚಳಿ ಜ್ವರ. ಆ ಕಡೆ ಮಗುವಿಗೆ ಕೊಡುವುದನ್ನು ನಿಲ್ಲಿಸಿದ್ದೇನೆ.
— ಅಡಿಕೆ ಸುಲಿಯುವಾಕೆ, ಚನ್ನಗಿರಿ ತಾಲ್ಲೂಕು

ಉತ್ತರ: ಇವರಿಗೆ ಧ್ವನಿ ಸಂದೇಶ ಬಂದ ದಿನವೇ ಫೋನು ಮಾಡಿ ಆಸ್ಪತ್ರೆಗೆ ಕಳಿಸಿದೆ. ಇನ್ನೊಬ್ಬರಿಗೆ ಬೇಕಾಗುತ್ತದೆಂದು ಇಲ್ಲಿ ಬರೆಯುತ್ತಿದ್ದೇನೆ. ಅಡಿಕೆ ಸುಲಿಗೆಯ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರು ಗಂಟೆಗಟ್ಟಲೆ ಏಳುವುದಿಲ್ಲ, ಹಾಲು ಕಟ್ಟಿಕೊಂಡು ಎದೆ ಬಾಯುತ್ತದೆ. ನಿಲ್ಲಿಸಿದರೆ ಇನ್ನೂ ಕಟ್ಟುತ್ತದೆ. ಬಾತ ಎದೆಯ ಹಾಲು ಮಗುವಿಗೆ ಕೆಡುಕು ಮಾಡುವುದಿಲ್ಲ, ಎಂದಿನಂತೆ ಕೊಡುತ್ತಿರಬೇಕು. ಮಗು ಹಿಡಿಯದಿದ್ದರೆ ಮೆಲ್ಲಗೆ ಹಿಂಡಿ ತೆಗೆಯಬೇಕು. ತಣ್ಣೀರಿನ ಬಟ್ಟೆ ಇಟ್ಟರೆ ಊತ, ನೋವು ಇಳಿಯುತ್ತದೆ. ಬಲವಾಗಿ ತಿಕ್ಕುವುದು, ಸುಡುವ ಶಾಖ ಕೊಡುವುದು ಬೇಡ. ಜ್ವರ ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರೇ ನೋಡಬೇಕು. ಹಾಲುಣಿಸುವವರಿಗೆ ಹೊಂದುವ ಮಾತ್ರೆಗಳಿವೆ, ಹಾಲು ಕೊಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ. ತಡ ಮಾಡಿದರೆ ಕೀವು ಕಟ್ಟಿ ಕೊಯ್ಯಿಸಬೇಕಾಗುತ್ತದೆ. ಸುಲಿಯುವಾಗ ಹೊಗೆಸೊಪ್ಪು ಹಾಕಿ ಎಲೆ ಮೆಲ್ಲುವ ಅಭ್ಯಾಸವಿದ್ದರೆ ಬಿಡಿ, ಅದರ ವಿಷ ಹಾಲಿಗೆ ಇಳಿಯುತ್ತದೆ.

ಪ್ರಶ್ನೆ: ಹಾಲು ಕುಡಿಸುತ್ತಿರುವಾಗ ಗರ್ಭ ನಿಲ್ಲುವುದಿಲ್ಲವಂತೆ, ನಿಜವೇ? ನಾನು ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ.
— ಹರಿಹರ

ಉತ್ತರ: ನಿಮ್ಮ ವಿಷಯದಲ್ಲಿ ನಂಬಬೇಡಿ. ಮಗುವಿಗೆ ಆರು ತಿಂಗಳಾಗಿರಬಾರದು, ಮುಟ್ಟು ಮರಳಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಬಾರದು. ಈ ಮೂರೂ ಇದ್ದರೆ ಮಾತ್ರ ಅದು ಬಹುಮಟ್ಟಿಗೆ ನಿಜ. ಇಡೀ ಹಗಲು ಮಗುವಿನಿಂದ ದೂರವಿರುವವರಿಗೆ ಭರವಸೆ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ವಂಕಿ (ಕಾಪರ್-ಟಿ), ಮೂರು ತಿಂಗಳಿಗೊಮ್ಮೆಯ ‘ಅಂತರ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ ಉಚಿತ. ಮೂರೂ ಹಾಲಿಗೆ ತೊಂದರೆ ಮಾಡುವುದಿಲ್ಲ.

ಪ್ರಶ್ನೆ: ನಾನು ಗಾರೆ ಕೆಲಸ, ಹೆಂಡತಿ ನನ್ನ ಜೊತೆ ಹೆಲ್ಪರ್. ಹೆರಿಗೆಯಾಗಿ ಎರಡು ತಿಂಗಳು. ಖರ್ಚಿಗೆ ಕೆಲಸಕ್ಕೆ ಬರಲೇಬೇಕು ಅನ್ನುತ್ತಾಳೆ. ಸರ್ಕಾರದಿಂದ ಏನಾದರೂ ಇದೆಯೇ?
— ಗಾರೆ ಕೆಲಸಗಾರ, ಚಿತ್ರದುರ್ಗ

ಉತ್ತರ: ತಮ್ಮ, ಗಂಡಸರು ಬರೆದ ಪತ್ರ ನಿಮ್ಮದೊಂದೇ, ಸಂತೋಷ. ಅವಳ ಹೆಸರಿನಲ್ಲಿ ಕಟ್ಟಡ ಕಾರ್ಮಿಕರ ಕಾರ್ಡ್ ಇದೆಯೇ? ಗಂಡನ ಹೆಸರಿನಲ್ಲಿ ಮಾತ್ರ ಮಾಡಿಸಿ, ಕಲ್ಲು, ಇಟ್ಟಿಗೆ ಹೊತ್ತ ಹೆಂಡತಿಯನ್ನು ಬಿಟ್ಟಿರುವುದೇ ಹೆಚ್ಚು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದ ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು. ನೋಂದಾಯಿತ ಮಹಿಳೆಗೆ ಕಲ್ಯಾಣ ಮಂಡಳಿಯ ‘ತಾಯಿ ಲಕ್ಷ್ಮಿ ಬಾಂಡ್’ ಎಂಬ ಹೆರಿಗೆ ನೆರವು ಎರಡು ಹೆರಿಗೆಗಳವರೆಗೆ ಇದೆ. ಕಾರ್ಡ್ ಇದ್ದರೆ ಜನನ ಪ್ರಮಾಣಪತ್ರ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಈ ವಾರವೇ ಹೋಗಿ, ಅರ್ಜಿಗೆ ಗಡುವಿದೆ. ಇದಲ್ಲದೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಅರ್ಜಿಗೆ ಅಂಗನವಾಡಿಯವರನ್ನು ಕೇಳಿ.

ಈ ಹಣ ಕೈಗೆ ಬರುವವರೆಗೆ ಅವಳು ಮನೆಯಲ್ಲಿರಲಿ ಎಂದು ನಾನು ಹೇಳಬಹುದು, ಒಲೆ ಹಚ್ಚುವವರು ನೀವು. ಬಂದೇ ಬರುವಳಾದರೆ ಸಿಮೆಂಟ್ ಬುಟ್ಟಿ ಹೊರುವ ಕೆಲಸ ಬೇಡ, ಕ್ಯೂರಿಂಗ್‌ಗೆ ನೀರು ಹೊಡೆಯುವಂಥ ಹಗುರ ಕೆಲಸ ಕೊಡಲು ಮೇಸ್ತ್ರಿಗೆ ಹೇಳಿ. ಜೋಲಿಯನ್ನು ಸಿಮೆಂಟ್ ಧೂಳು ಬರದ ಕಡೆ, ಸರಂಜಾಮಿನಿಂದ ದೂರ ಕಟ್ಟಿ. ಅವಳು ಹಾಲುಣಿಸಲು ಕೂತಾಗ ‘ಎಷ್ಟೊತ್ತು?’ ಎಂದು ಮೇಸ್ತ್ರಿ ಕೂಗಿದರೆ ಉತ್ತರ ಕೊಡಬೇಕಾದವರು ನೀವು. ಆತಂಕದಲ್ಲಿದ್ದರೆ ಎದೆಯಿಂದ ಹಾಲು ಸರಾಗವಾಗಿ ಇಳಿಯುವುದಿಲ್ಲ, ಇದು ದೇಹದ ನಿಯಮ.

ಪ್ರಶ್ನೆ: ಕೆ.ಆರ್. ಮಾರುಕಟ್ಟೆಯ ಹತ್ತಿರ ನೆಲದಲ್ಲಿ ಸೊಪ್ಪು ಮಾರುತ್ತೇನೆ. ಮಗುವಿಗೆ ಏಳು ತಿಂಗಳು. ಎಲ್ಲರೆದುರು ಕುಡಿಸಲು ಸಂಕೋಚ. ಗಿರಾಕಿಗಳು ನೋಡುತ್ತಾರೆ. ಎದ್ದು ಹೋದರೆ ಜಾಗ ಹೋಗುತ್ತದೆ.
— ಸೊಪ್ಪು ಮಾರುವಾಕೆ, ದಾವಣಗೆರೆ

ಉತ್ತರ: ತಂಗಿ, ಮಗುವಿಗೆ ಏಳು ತಿಂಗಳಾಗಿರುವುದರಿಂದ ಮೊದಲೊಂದು ಮಾತು. ಈಗ ಎದೆಹಾಲಿನ ಜೊತೆ ಊಟವೂ ಬೇಕು. ರಾಗಿ ಸರಿ, ಮೆತ್ತಗೆ ಬೇಯಿಸಿದ ಅನ್ನ ಬೇಳೆ, ನಿಮ್ಮ ಬುಟ್ಟಿಯಲ್ಲೇ ಇರುವ ಸೊಪ್ಪನ್ನು ಬೇಯಿಸಿ ಹಿಸುಕಿದ್ದು. ಬೆಳಿಗ್ಗೆ ಊಟ ಮಾಡಿಸಿ ಬಂದರೆ ಮಾರುಕಟ್ಟೆಯಲ್ಲಿ ಒಂದೆರಡು ಸಲ ಕುಡಿಸಿದರೆ ನಡೆಯುತ್ತದೆ. ಎದೆಹಾಲನ್ನು ಎರಡು ವರ್ಷದವರೆಗೂ ಮುಂದುವರಿಸಿ.

ಎಲ್ಲರೆದುರು ಕುಡಿಸುವುದು ತಪ್ಪಲ್ಲ. ಗೋಡೆಗೆ ಬೆನ್ನು ಕೊಟ್ಟು, ಎದುರಿಗೆ ಸೊಪ್ಪಿನ ಬುಟ್ಟಿ ಎತ್ತರಕ್ಕೆ ಇಟ್ಟು, ದಪ್ಪ ಸೆರಗು ಹೊದ್ದು ಕೂರಿ. ಮುಂದೆ ಗುಂಡಿ ಇರುವ ಕುಪ್ಪಸದಲ್ಲಿ ಕೆಳಗಿನ ಎರಡು ಗುಂಡಿ ತೆಗೆದರೆ ಸಾಕು. ಪಕ್ಕದಲ್ಲಿ ವ್ಯಾಪಾರ ಮಾಡುವ ಹೆಂಗಸಿನೊಂದಿಗೆ ಮಾತಾಡಿಕೊಳ್ಳಿ. ನಿಮ್ಮ ಹಾಲಿನ ಹೊತ್ತಿಗೆ ಅವಳು ನಿಮ್ಮ ಸೊಪ್ಪು ಮಾರಲಿ, ಅವಳು ಚಹಾಕ್ಕೆ ಹೋದಾಗ ನೀವು ಅವಳ ಟೊಮೆಟೊ ನೋಡಿಕೊಳ್ಳಿ. ದಿಟ್ಟಿಸಿ ನೋಡುವ ಗಿರಾಕಿಗೆ ‘ಮುಂದೆ ಹೋಗಿ ಅಣ್ಣ’ ಎಂದು ಗಟ್ಟಿಯಾಗಿ ಹೇಳಲು ಅಂಜಬೇಡಿ.

ಆದರೆ ಈ ಉಪಾಯಗಳಿಗೆ ನಾನು ತೃಪ್ತಿಪಡುವವಳಲ್ಲ. ನೂರಾರು ಹೆಂಗಸರು ಬೆಳಗಿನಿಂದ ಸಂಜೆವರೆಗೆ ಕೂರುವ ಮಾರುಕಟ್ಟೆಗೆ ಹಾಲುಣಿಸಲು ಒಂದು ಕೋಣೆ ಬೇಕು. ಮಹಾನಗರ ಪಾಲಿಕೆ ಆಯುಕ್ತರಿಗೆ ಅರ್ಜಿ ಹಾಕಿ. ನೀವು ಬರೆಯಲಾರಿರಿ ಎಂದರೆ ನಾನು ಬರೆದುಕೊಡುತ್ತೇನೆ, ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಹಾಕಿ. ನಿಮ್ಮ ಸಾಲಿನವರು ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿದರೆ ಆಯಿತು. ಬೇಕಾದುದನ್ನು ಬಿಡಿಸಿ ಕೇಳೋಣ: ಒಳಗಿನಿಂದ ಚಿಲಕ ಹಾಕುವ ಬಾಗಿಲು, ಬೆನ್ನು ಒರಗುವ ಬೆಂಚು, ನಲ್ಲಿ, ಫ್ಯಾನು, ಬೀಗದ ಕೈ ಮಾರುಕಟ್ಟೆಯ ಹೆಂಗಸರ ಕೈಯಲ್ಲಿ. ಕೊಟ್ಟ ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಸ್ವೀಕೃತಿ ಮುದ್ರೆ, ತಾರೀಖು ಹಾಕಿಸಿಕೊಂಡೇ ಬನ್ನಿ.